ಏಳೂರಿಗೊಬ್ಬ ಪಾದ್ರಿ

ಇಂಗ್ಲೆಂಡಿನಲ್ಲಿ 1863ರಿಂದ ಹೊರಡುತ್ತಿರುವ 'ಚರ್ಚ್ ಟೈಮ್ಸ್' ಎಂಬ ವಾರಪತ್ರಿಕೆಯಿದೆ. ಅದರ ಕೊನೆಯ ಪುಟಗಳಲ್ಲಿ ಪಾದ್ರಿಗಳು ಬೇಕಾಗಿದ್ದಾರೆಂಬ ಜಾಹೀರಾತುಗಳು ಸಾಲಾಗಿ ಬರುತ್ತವೆ. ಓದುವುದಕ್ಕೆ ನಮ್ಮ ಭಾನುವಾರದ ವಧೂವರರ ಅಂಕಣದಷ್ಟೇ ರುಚಿ. ಬರುವವರು ಪ್ರಾರ್ಥನಾಶೀಲರಾಗಿರಬೇಕು, ಓಡಾಡುವ ಚುರುಕೂ ಇರಬೇಕು. ಸಂಪ್ರದಾಯ ಬಲ್ಲವರಾಗಿರಬೇಕು, ಹೊಸದಕ್ಕೆ ಹಿಂಜರಿಯಬಾರದು. ಮಕ್ಕಳ ಜತೆ ಬೆರೆಯಬೇಕು, ವಯಸ್ಸಾದವರ ಮನೆಗೆ ಹೋಗಿ ಕೂರಬೇಕು. ಕಡತ, ಲೆಕ್ಕಪತ್ರ, ಸೋರುವ ಮಾಡು ಎಲ್ಲವನ್ನೂ ನೋಡಿಕೊಳ್ಳಬೇಕು. ಇಷ್ಟಾದ ಮೇಲೂ ಹಾಸ್ಯಪ್ರಜ್ಞೆ ಉಳಿದಿರಬೇಕು. ಎಲ್ಲ ಮುಗಿದ ಮೇಲೆ ಒಂದು ಸಾಲು ಬರುತ್ತದೆ: ಈ ಹುದ್ದೆಗೆ ಸೇರಿದ ಚರ್ಚಿನ ಊರುಗಳು, ಅಂದರೆ ಪ್ಯಾರಿಷ್‌ಗಳು ಏಳು. ಕೆಲವು ಕಡೆ ಐದು, ಕೆಲವು ಕಡೆ ಹತ್ತಕ್ಕೂ ಮೇಲೆ.

ಅರ್ಚಕತನ ಬಹುಮಟ್ಟಿಗೆ ಮನೆತನದಲ್ಲೇ ಇಳಿದು ಬರುವ ನಾಡಿನವರಿಗೆ, ಊರವರೆಲ್ಲ ಕೂತು ತಮಗೆ ಬೇಕಾದ ಗುರುವಿನ ಲಕ್ಷಣ ಬರೆದು ಪತ್ರಿಕೆಗೆ ಕೊಡುವ ಪದ್ಧತಿ ವಿಚಿತ್ರವಾಗಿ ಕಂಡೀತು. ಆದರೆ ಚರ್ಚ್ ಆಫ್ ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಇದು ಈಗ ದಿನನಿತ್ಯದ ಚಿಂತೆ. ಆ ಸಭೆಗೆ ಸುಮಾರು 12,500 ಪ್ಯಾರಿಷ್‌ಗಳಿವೆ, ಸುಮಾರು 16,000 ಚರ್ಚು ಕಟ್ಟಡಗಳಿವೆ. ಸಂಬಳ ಪಡೆಯುವ ಪಾದ್ರಿಗಳು ಎಂಟು ಸಾವಿರಕ್ಕಿಂತ ಕಡಿಮೆ. ಅವರಲ್ಲಿ ಹೆಚ್ಚಿನವರು ನಗರಗಳಲ್ಲಿದ್ದಾರೆ. ಎಪ್ಪತ್ತು ತುಂಬಿದರೆ ನಿವೃತ್ತಿ ಕಡ್ಡಾಯವೆಂದು 1975ರಲ್ಲೇ ಕಾನೂನಾಗಿದೆ. ಹೊಸದಾಗಿ ತರಬೇತಿಗೆ ಸೇರುವವರ ಸಂಖ್ಯೆ ಈ ದಶಕದಲ್ಲಿ ಇಳಿದಿದೆ. ಹೀಗಾಗಿ ಒಬ್ಬ ಪಾದ್ರಿ ಬಿಟ್ಟು ಹೋದರೆ ಆ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆಂಬ ಖಾತ್ರಿಯಿಲ್ಲ. ಎರಡು ಸಲ, ಮೂರು ಸಲ ಜಾಹೀರಾತು ಕೊಟ್ಟರೂ ಅರ್ಜಿ ಬಾರದ ಊರುಗಳಿವೆ.

ಒಂದೂರು, ಒಂದು ಚರ್ಚು, ಒಬ್ಬ ಪಾದ್ರಿ ಎಂಬ ಚಿತ್ರ ಇಂಗ್ಲಿಷರ ಮನಸ್ಸಿನಲ್ಲಿ ಬೇರುಬಿಟ್ಟಿದೆ. ಅದಕ್ಕೆ ನೀರೆರೆದವನು ಜಾರ್ಜ್ ಹರ್ಬರ್ಟ್ ಎಂಬ ಕವಿ. 1630ರಲ್ಲಿ ಸಾಲ್ಸ್‌ಬರಿಯ ಪಕ್ಕದ ಬೆಮರ್ಟನ್‌ಗೆ ಪಾದ್ರಿಯಾಗಿ ಬಂದ ಆತ 1633ರಲ್ಲಿ ತೀರಿಕೊಂಡ. ಹಳ್ಳಿಯ ಪಾದ್ರಿ ಹೇಗಿರಬೇಕೆಂದು ಆತ ಬರೆದಿಟ್ಟ 'ದಿ ಕಂಟ್ರಿ ಪಾರ್ಸನ್' 1652ರಲ್ಲಿ ಅಚ್ಚಾಯಿತು. ಅದರ ಪ್ರಕಾರ ಪಾದ್ರಿ ಊರಿಗೆ ತಂದೆ, ಕಾಯಿಲೆಗೆ ಮದ್ದು ಹೇಳುವವನು, ಜಗಳ ಬಿಡಿಸುವ ಹಿರಿಯ. ಮುಂದಿನ ತಲೆಮಾರುಗಳ ಪಾದ್ರಿಗಳನ್ನೆಲ್ಲ ಈ ಅಳತೆಗೋಲಿನಲ್ಲೇ ಅಳೆದರು. ಹರ್ಬರ್ಟ್ ಅಲ್ಲಿದ್ದದ್ದು ಮೂರು ವರ್ಷ, ಕೈಕೆಳಗೆ ಸಹಾಯಕ ಪಾದ್ರಿಗಳಿದ್ದರು, ಅವನ ಪಾಲಿಗೂ ಫಗಲ್‌ಸ್ಟನ್ ಮತ್ತು ಬೆಮರ್ಟನ್ ಎಂದು ಎರಡು ಚರ್ಚುಗಳಿದ್ದವು ಎಂಬುದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. 2009ರಲ್ಲಿ ಜಸ್ಟಿನ್ ಲೂಯಿಸ್-ಆಂತನಿ ಎಂಬ ಪಾದ್ರಿ ರೇಗಿ ಒಂದು ಪುಸ್ತಕವನ್ನೇ ಬರೆದರು. ಜಾರ್ಜ್ ಹರ್ಬರ್ಟ್ ದಾರಿಯಲ್ಲಿ ಎದುರಾದರೆ ಕೊಂದುಬಿಡಿ ಎಂದೇ ಅದರ ಹೆಸರು. ಈ ಆದರ್ಶ ಇಂದಿನ ಪಾದ್ರಿಗಳ ಬೆನ್ನು ಮುರಿಯುತ್ತಿದೆ ಎಂಬುದು ಅವರ ವಾದ. ನನಗೆ ಅದು ಸರಿಯೆನಿಸುತ್ತದೆ.

ಹಲವು ಪ್ಯಾರಿಷ್‌ಗೆ ಒಬ್ಬನೇ ಪಾದ್ರಿ ಎಂಬುದು ಹೊಸ ಸಂಕಟವೂ ಅಲ್ಲ. ಹದಿನೆಂಟನೆಯ ಶತಮಾನದಲ್ಲಿ ಅದು ಸಂಕಟವಲ್ಲ, ಸವಲತ್ತು. ಎರಡು ಮೂರು ಊರಿನ ಆದಾಯ ಒಬ್ಬನೇ ತಿಂದು, ಒಂದೂರಿನಲ್ಲಿ ಬಡ ಸಹಾಯಕನನ್ನಿಟ್ಟು, ತಾನು ಇನ್ನೊಂದೂರಿನಲ್ಲಿ ಸುಖವಾಗಿರುತ್ತಿದ್ದ. ಕಾದಂಬರಿಕಾರ್ತಿ ಜೇನ್ ಆಸ್ಟಿನ್‌ಳ ತಂದೆ ಜಾರ್ಜ್ ಆಸ್ಟಿನ್ ಸ್ಟೀವೆಂಟನ್ ಮತ್ತು ಡೀನ್ ಎಂಬ ಎರಡು ಅಕ್ಕಪಕ್ಕದ ಊರುಗಳ ಪಾದ್ರಿ. ಆತ ಅವುಗಳನ್ನು ಪ್ರಾಮಾಣಿಕವಾಗಿ ನೋಡಿಕೊಂಡವನು. ಎಲ್ಲರೂ ಹಾಗಿರಲಿಲ್ಲ. ಕೊನೆಗೆ 1838ರ ಕಾಯಿದೆ ಒಬ್ಬನಿಗೆ ಎರಡಕ್ಕಿಂತ ಹೆಚ್ಚು ಹುದ್ದೆ ಕೂಡದು, ಅವೂ ಹತ್ತು ಮೈಲಿಯೊಳಗಿರಬೇಕು ಎಂದು ಕಟ್ಟುಹಾಕಿತು. ಅಂದು ದುರಾಸೆಗೆ ಹಾಕಿದ ಬೇಲಿಯನ್ನು ಇಪ್ಪತ್ತನೆಯ ಶತಮಾನದಲ್ಲಿ ಕೊರತೆ ದಾಟಿತು.

ಇದರ ಹಿಂದೆ ಹಣದ ಕತೆಯಿದೆ. ಮೊದಲು ಪ್ರತಿ ಪ್ಯಾರಿಷ್‌ಗೂ ಅದರದೇ ದಶಾಂಶ ತೆರಿಗೆ, ಅದರದೇ ಉಂಬಳಿ ಜಮೀನು. ಊರು ಚಿಕ್ಕದಾದರೂ ಪಾದ್ರಿಯ ಹೊಟ್ಟೆಪಾಡು ಅಲ್ಲೇ ನಡೆಯುತ್ತಿತ್ತು. ದಶಾಂಶ 1936ರ ಕಾಯಿದೆಯಿಂದ ಕೊನೆಗೊಂಡಿತು. 1976ರ ಕಾನೂನು ಉಂಬಳಿ ಜಮೀನುಗಳನ್ನೆಲ್ಲ ಊರಿನ ಕೈಯಿಂದ ತೆಗೆದು ಬಿಷಪರ ಆಡಳಿತದ ಧರ್ಮಪ್ರಾಂತ್ಯದ ಕೈಗೆ ಕೊಟ್ಟಿತು. ಬಡ ಪ್ಯಾರಿಷ್‌ಗಳಿಗೂ ನ್ಯಾಯ ಸಿಗಲಿ ಎಂಬುದು ಉದ್ದೇಶ, ಒಳ್ಳೆಯ ಉದ್ದೇಶವೇ. ಆದರೆ ಅಂದಿನಿಂದ ಪಾದ್ರಿ ಊರಿನ ಆಸ್ತಿಯಾಗಿ ಉಳಿಯಲಿಲ್ಲ; ಧರ್ಮಪ್ರಾಂತ್ಯ ಹಂಚುವ ಪಡಿತರವಾದ. ಯಾವ ಪ್ರಾಂತ್ಯಕ್ಕೆ ಎಷ್ಟು ಪಾದ್ರಿಗಳು ಎಂದು ಲೆಕ್ಕ ಹಾಕುವ ಶೆಫೀಲ್ಡ್ ಸೂತ್ರ 1974ರಲ್ಲೇ ಬಂದಿತ್ತು. ಇಂದು ಪ್ಯಾರಿಷ್‌ಗಳು ಪ್ರಾಂತ್ಯಕ್ಕೆ ಪ್ರತಿ ವರ್ಷ ಪಾಲು ಕಟ್ಟುತ್ತವೆ. ಏಳೂರು ಸೇರಿ ಕಟ್ಟಿದರೂ ಒಬ್ಬರ ಖರ್ಚು ಹುಟ್ಟುವುದು ಕಷ್ಟವೆಂದು ಪ್ರಾಂತ್ಯದ ಲೆಕ್ಕಿಗರು ಹೇಳುತ್ತಾರೆ. ನಾವು ಕಟ್ಟಿದ್ದು ಎಲ್ಲಿಗೆ ಹೋಯಿತು ಎಂದು ಊರವರು ಕೇಳುತ್ತಾರೆ.

ಊರುಗಳನ್ನು ಗುಂಪು ಮಾಡುವ ಪ್ರಯೋಗ ಮೊದಲು ಹೆಸರು ಮಾಡಿದ್ದು ಲಿಂಕನ್‌ಶೈರ್‌ನ ಸೌತ್ ಓರ್ಮ್ಸ್‌ಬಿಯಲ್ಲಿ. ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿಯ ತಂದೆ ಸ್ಯಾಮ್ಯುಯೆಲ್ ವೆಸ್ಲಿ 1690ರ ದಶಕದಲ್ಲಿ ಪಾದ್ರಿಯಾಗಿದ್ದ ಊರದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಲ್ಲಿನ ಪಾದ್ರಿ ಎ. ಸಿ. ಸ್ಮಿತ್ ಸುತ್ತಲಿನ ಹತ್ತಾರು ಸಣ್ಣ ಹಳ್ಳಿಗಳನ್ನು ಸೇರಿಸಿಕೊಂಡು ಒಂದು ತಂಡ ಕಟ್ಟಿದರು. ಅದರ ಅನುಭವವನ್ನು 1960ರಲ್ಲಿ ಪುಸ್ತಕವಾಗಿ ಬರೆದರು. ಅಲ್ಲಿ ಒಬ್ಬರೇ ಓಡಾಡುತ್ತಿರಲಿಲ್ಲ, ಜತೆಗಾರರಿದ್ದರು. 1968ರ ಕಾನೂನು ಇಂಥ ತಂಡಗಳಿಗೂ ಗುಂಪುಗಳಿಗೂ ಕಾಯಂ ರೂಪ ಕೊಟ್ಟಿತು. ಬರಬರುತ್ತ ಗುಂಪು ಉಳಿಯಿತು, ತಂಡ ಕರಗಿತು. ಇವತ್ತಿನ ಜಾಹೀರಾತುಗಳಲ್ಲಿ ಕಾಣುವುದು ಬಹಳ ಸಲ ಹೀಗೆ ಕರಗಿ ಉಳಿದ ಒಬ್ಬರನ್ನೇ.

ಪ್ಯಾರಿಷ್‌ಗಳು ವೈವಿಧ್ಯಮಯ ಎಂದು ಜಾಹೀರಾತು ಹೇಳುವಾಗ ಅದು ಸೌಜನ್ಯದ ಮಾತು. ಒಳಗೆ ಇಳಿದು ನೋಡಿದರೆ ಒಂದು ಚರ್ಚಿನಲ್ಲಿ ಧೂಪ, ಗಂಟೆ, ಕಸೂತಿಯ ನಿಲುವಂಗಿ. ಪಾದ್ರಿಯನ್ನು ಫಾದರ್ ಎಂದೇ ಕರೆಯುತ್ತಾರೆ. ಮೂರು ಮೈಲಿ ಆಚೆ ಪರದೆ, ಗಿಟಾರು, ಡ್ರಮ್ಮು. ನಿಲುವಂಗಿ ತೊಟ್ಟರೆ ಹುಬ್ಬೇರಿಸುತ್ತಾರೆ. ಮತ್ತೊಂದರಲ್ಲಿ 1662ರ ಪ್ರಾರ್ಥನಾ ಪುಸ್ತಕ ಬಿಟ್ಟು ಬೇರೆ ಮಾತಿಲ್ಲ. ಬೆಳಗ್ಗೆ ಎಂಟಕ್ಕೆ ಹತ್ತೇ ಜನ ಬಂದರೂ ಆ ಹತ್ತು ಜನ ಅದನ್ನು ಬಿಟ್ಟುಕೊಡುವುದಿಲ್ಲ. ಪೇಟೆಯಂಚಿನ ಹೊಸ ಬಡಾವಣೆಯ ಪ್ಯಾರಿಷ್‌ನಲ್ಲಿ ಎಳೆಯ ಮಕ್ಕಳ ಅಮ್ಮಂದಿರಿದ್ದಾರೆ, ಚರ್ಚು ಕಟ್ಟಡವೇ ಇಲ್ಲ, ಶಾಲೆಯ ಹಾಲಿನಲ್ಲಿ ಸೇರುತ್ತಾರೆ. ಪಕ್ಕದ ಹಳ್ಳಿಯಲ್ಲಿ ಹದಿಮೂರನೆಯ ಶತಮಾನದ ಭವ್ಯ ಕಟ್ಟಡವಿದೆ, ಜನವಿಲ್ಲ. ಅದರ ಮಾಡಿನಲ್ಲಿ ಬಾವಲಿಗಳಿದ್ದರೆ ಇನ್ನೊಂದು ಪೇಚು: 1981ರ ವನ್ಯಜೀವಿ ಕಾಯಿದೆಯ ರಕ್ಷಣೆ ಅವಕ್ಕಿದೆ, ಓಡಿಸುವಂತಿಲ್ಲ. ನಾರ್ಫಕ್ ಜಿಲ್ಲೆಯೊಂದರಲ್ಲೇ 650ಕ್ಕೂ ಹೆಚ್ಚು ಮಧ್ಯಯುಗದ ಚರ್ಚುಗಳಿವೆ. ಅಲ್ಲಿ ಹೊಸ ಪಾದ್ರಿಗೆ ಸಿಗುವ ಮೊದಲ ಕಡತ ಸಾಮಾನ್ಯವಾಗಿ ಮಾಡಿನ ದುರಸ್ತಿಯದು.

ಆರಾಧನಾ ಕ್ರಮದ ಭೇದವನ್ನಾದರೂ ಒಂದಿಷ್ಟು ತಾಳ್ಮೆಯಿಂದ ನಿಭಾಯಿಸಬಹುದು. ಯಾರು ಪಾದ್ರಿಯಾಗಬಹುದು ಎಂಬ ಪ್ರಶ್ನೆ ಹಾಗಲ್ಲ. ಮಹಿಳೆಯರಿಗೆ ಗುರುದೀಕ್ಷೆ ಕೊಡಲು 1992ರ ನವೆಂಬರಿನಲ್ಲಿ ಚರ್ಚಿನ ಮಹಾಸಭೆ (ಜನರಲ್ ಸಿನಡ್) ಒಪ್ಪಿತು. 1994ರ ಮಾರ್ಚ್ 12ರಂದು ಬ್ರಿಸ್ಟಲ್‌ನಲ್ಲಿ 32 ಮಂದಿ ಮೊದಲಿಗೆ ದೀಕ್ಷೆ ಪಡೆದರು. 2015ರಲ್ಲಿ ಲಿಬಿ ಲೇನ್ ಮೊದಲ ಮಹಿಳಾ ಬಿಷಪ್ ಆದರು. 2025ರ ಅಕ್ಟೋಬರಿನಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸ್ಥಾನಕ್ಕೇ ಸಾರಾ ಮುಲ್ಲಾಲಿಯವರ ಹೆಸರು ಪ್ರಕಟವಾಯಿತು. ಹೀಗಿದ್ದೂ 2014ರ ಬಿಷಪರ ಘೋಷಣೆಯ ಪ್ರಕಾರ ಒಂದು ಪ್ಯಾರಿಷ್ ಸಮಿತಿ ತನಗೆ ಮಹಿಳಾ ಪಾದ್ರಿ ಬೇಡವೆಂದು ನಿರ್ಣಯ ಮಾಡಬಹುದು. ಒಂದೇ ಪ್ಯಾರಿಷ್‌ನ ಹುದ್ದೆಯಾದರೆ ಅದು ಅವರ ಮನೆಯ ವಿಷಯ. ಏಳರಲ್ಲಿ ಒಂದು ಹೀಗೆ ನಿರ್ಣಯ ಮಾಡಿದರೆ ಉಳಿದ ಆರರ ಗತಿಯೇನು? ಕೆಲವು ಕಡೆ ಆ ಒಂದಕ್ಕೆ ಬೇರೆ ಪಾದ್ರಿಯ ಏರ್ಪಾಟು ಮಾಡುತ್ತಾರೆ, ಕೆಲವು ಕಡೆ ಬಾಯಿಮಾತಿನಲ್ಲೇ ಗಂಡಸರನ್ನು ಹುಡುಕುತ್ತಾರೆ. ಎರಡನೆಯದು ಕೆಟ್ಟದ್ದು, ಏಕೆಂದರೆ ಜಾಹೀರಾತು ನೋಡಿ ಅರ್ಜಿ ಹಾಕಿದ ಮಹಿಳೆಗೆ ಕಾರಣ ಗೊತ್ತಾಗುವುದೇ ಇಲ್ಲ. 2023ರ ಡಿಸೆಂಬರಿನಿಂದ ಸಲಿಂಗ ಜೋಡಿಗಳಿಗೆ ಆಶೀರ್ವಾದದ ಪ್ರಾರ್ಥನೆಗಳು ಬಳಕೆಗೆ ಬಂದ ಮೇಲೆ ಈ ಗಂಟಿಗೆ ಇನ್ನೊಂದು ಸುತ್ತು ಬಿದ್ದಿದೆ.

ನೇಮಕದ ಕ್ರಮ 1986ರ ಕಾನೂನಿನಲ್ಲಿದೆ. ಹುದ್ದೆ ಖಾಲಿಯಾಯಿತೆಂಬ ತಿಳಿವಳಿಕೆ ಪತ್ರ ತಲಪಿದ ಮೇಲೆ ಪ್ಯಾರಿಷ್ ಸಮಿತಿಗಳು ಸಭೆ ಸೇರಬೇಕು. ಊರಿನ ಸ್ಥಿತಿ, ಅಗತ್ಯ, ಸಂಪ್ರದಾಯ ಇವನ್ನು ತಿಳಿಸುವ ಹೇಳಿಕೆ ಬರೆಯಬೇಕು; ತಮ್ಮ ಪ್ರತಿನಿಧಿಗಳನ್ನು ಆರಿಸಬೇಕು. ಬಿಷಪರೂ ಈ ಪ್ರತಿನಿಧಿಗಳೂ ಒಪ್ಪದೆ ಸಾಮಾನ್ಯವಾಗಿ ಯಾರನ್ನೂ ನೇಮಿಸುವಂತಿಲ್ಲ. ಒಪ್ಪಿಗೆ ಕೇಳುವವರು ಪೋಷಕರು. ಆ ಊರಿಗೆ ಪಾದ್ರಿಯನ್ನು ಸೂಚಿಸುವ ಹಕ್ಕು ಅವರದು, ಹಕ್ಕು ಆಸ್ತಿಯಂತೆ ಶತಮಾನಗಳಿಂದ ಸಾಗಿ ಬಂದದ್ದು. ಜೇನ್ ಆಸ್ಟಿನ್‌ಳ 'ಪ್ರೈಡ್ ಅಂಡ್ ಪ್ರೆಜುಡಿಸ್' ಓದಿದವರಿಗೆ ಪಾದ್ರಿ ಕಾಲಿನ್ಸ್ ಮಹಾಶಯ ಲೇಡಿ ಕ್ಯಾಥರೀನ್‌ಳ ಮುಂದೆ ಯಾಕೆ ಅಷ್ಟು ಬಾಗುತ್ತಾನೆಂದು ನೆನಪಿರಬಹುದು. ಅವನ ಅನ್ನ ಅವಳು ಕೊಟ್ಟದ್ದು. ಇಂದು ಪೋಷಕರಲ್ಲಿ ಬಿಷಪರಿದ್ದಾರೆ, ರಾಜಮನೆತನವಿದೆ, ಹಳೆಯ ಜಮೀನ್ದಾರರಿದ್ದಾರೆ, ಪಾದ್ರಿ ಚಾರ್ಲ್ಸ್ ಸಿಮಿಯನ್ ಸ್ಥಾಪಿಸಿದ ಟ್ರಸ್ಟಿನಂಥ ಪಂಥನಿಷ್ಠ ಸಂಸ್ಥೆಗಳಿವೆ, ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ನ ಕಾಲೇಜುಗಳಿವೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದವರೆಗೂ ಆ ಕಾಲೇಜುಗಳ ಫೆಲೋಗಳು ಮದುವೆಯಾದರೆ ಸ್ಥಾನ ಬಿಡಬೇಕಿತ್ತು. ಮದುವೆಯಾಗಬಯಸಿದವರಿಗೆ ಕಾಲೇಜಿನ ಕೈಯಲ್ಲಿದ್ದ ಹಳ್ಳಿಯ ಚರ್ಚು ಒಳ್ಳೆಯ ದಾರಿಯಾಗಿತ್ತು.

ಏಳು ಪ್ಯಾರಿಷ್ ಕೂಡಿದಾಗ ಏಳು ಪೋಷಕರೂ ಕೂಡುತ್ತಾರೆ. ಆಗ ಸರದಿ ಹಚ್ಚುತ್ತಾರೆ: ಈ ಸಲ ಕಾಲೇಜಿನದು, ಮುಂದಿನ ಸಲ ಬಿಷಪರದು, ಆಮೇಲೆ ಅರಮನೆಯಂಥ ಮನೆಯವರದು. ಇಲ್ಲವೇ ಎಲ್ಲರೂ ಸೇರಿ ಒಂದು ಮಂಡಳಿ. ನೋಡಲು ತಮಾಷೆಯಾದರೂ ಇದರಿಂದ ಒಂದು ಉಪಕಾರವಿದೆ, ಬಿಷಪರೊಬ್ಬರೇ ಎಲ್ಲವನ್ನೂ ತೀರ್ಮಾನಿಸಲಾಗದು. ಬಿಷಪರಿಗೆ ಇನ್ನೊಂದು ದಾರಿಯಿದೆ. ಊರುಗಳನ್ನು ಮುಂದೆ ಬೇರೆ ರೀತಿ ಜೋಡಿಸುವ ಯೋಚನೆ ಇದ್ದರೆ 2011ರ ಕಾನೂನಿನ ಪ್ರಕಾರ ಪೋಷಕರ ಹಕ್ಕನ್ನು ಐದು ವರ್ಷದವರೆಗೆ ತಡೆಹಿಡಿದು ಪ್ರಭಾರ ಪಾದ್ರಿಯೊಬ್ಬರನ್ನು ತಾವೇ ಕಳಿಸಬಹುದು. ಅಪರೂಪಕ್ಕೆ ಬಳಸಬೇಕಾದ ಈ ಅಧಿಕಾರ ಹಳ್ಳಿಗಾಡಿನಲ್ಲಿ ವಾಡಿಕೆಯೇ ಆಗಿಬಿಟ್ಟಿದೆ ಎಂಬ ದೂರು ಹಳೆಯದು.

ಸಂದರ್ಶನವೂ ಒಂದು ದಿನದ ಸಂಗತಿಯಲ್ಲ. ಅಭ್ಯರ್ಥಿಗಳನ್ನು ಊರವರು ಆರಿಸಿದ ಚರ್ಚಿನ ವಾರ್ಡನ್‌ಗಳು ಕಾರಿನಲ್ಲಿ ಕೂರಿಸಿಕೊಂಡು ಚರ್ಚಿನಿಂದ ಚರ್ಚಿಗೆ ಸುತ್ತಿಸುತ್ತಾರೆ. ಪ್ರತಿಯೊಂದರಲ್ಲೂ ಚಹಾ, ಕೇಕು, ಮಾತು. ಶಾಲೆಯ ಮಕ್ಕಳ ಮುಂದೆ ಒಂದು ಪುಟ್ಟ ಪ್ರಾರ್ಥನೆ ನಡೆಸಿ ತೋರಿಸಬೇಕು. ಸಂಜೆ ಊರವರೆಲ್ಲ ಸೇರಿದ ಕಡೆ ತಟ್ಟೆ ಹಿಡಿದು ನಿಂತು, ನಾಲ್ಕು ತುತ್ತು ತಿನ್ನುವಷ್ಟರಲ್ಲಿ ನಾಲ್ವತ್ತು ಪ್ರಶ್ನೆಗೆ ಉತ್ತರಿಸಬೇಕು. ಎಂಟು ಗಂಟೆಯ ಆರಾಧನೆ ಉಳಿಸುತ್ತೀರಾ? ನಮ್ಮೂರಿನಲ್ಲೇ ಮನೆ ಮಾಡುತ್ತೀರಾ? ಎರಡಕ್ಕೂ ಹೌದು ಎಂದವರಿಗೆ ಅಂಕ ಹೆಚ್ಚು. ಪಾದ್ರಿಯ ಬಂಗಲೆ ಒಂದೇ ಊರಿನಲ್ಲಿರುತ್ತದೆ ಎಂಬುದು ಕೇಳಿದವರಿಗೂ ಗೊತ್ತು, ಹೇಳಿದವರಿಗೂ ಗೊತ್ತು.

ಕೆಲಸ ಶುರುವಾದ ಮೇಲೆ ಗಡಿಯಾರದ ಕಾಟ. ಒಂಬತ್ತಕ್ಕೆ ಒಂದೂರು, ಹತ್ತೂವರೆಗೆ ಇನ್ನೊಂದು, ಸಂಜೆ ಮೂರನೆಯದು. ಮೊದಲನೆಯದರಲ್ಲಿ ಕೊನೆಯ ಕೀರ್ತನೆ ಮುಗಿಯುವ ಮುಂಚೆಯೇ ಪಾದ್ರಿ ಬಾಗಿಲಿನತ್ತ ಸರಿಯುತ್ತಿರುತ್ತಾರೆ. ಜನ ಮನಸ್ಸು ಬಿಚ್ಚುವುದು ಆರಾಧನೆ ಮುಗಿದ ಮೇಲಿನ ಕಾಫಿಯ ಹೊತ್ತಿಗೆ, ಆ ಹೊತ್ತಿಗೆ ಅವರು ಕಾರಿನಲ್ಲಿರುತ್ತಾರೆ. ಪ್ರತಿ ಪ್ಯಾರಿಷ್ ಚರ್ಚಿನಲ್ಲೂ ಭಾನುವಾರ ಆರಾಧನೆ ಇರಲೇಬೇಕೆಂಬ ನಿಯಮ ಶತಮಾನಗಳಿಂದ ಇತ್ತು, ಪಾಲಿಸಲಾಗದೆ ಎಲ್ಲರೂ ಕಣ್ಣುಮುಚ್ಚಿ ಮುರಿಯುತ್ತಿದ್ದರು. 2019ರಲ್ಲಿ ಮಹಾಸಭೆ ಅದನ್ನು ಸಡಿಲಿಸಿತು. ಈಗ ಗುಂಪಿನ ಯಾವುದಾದರೂ ಒಂದು ಚರ್ಚಿನಲ್ಲಿ ನಡೆದರೆ ಸಾಕು. ಕಾನೂನು ಬದಲಾಯಿತು, ಊರವರ ಮನಸ್ಸು ಬದಲಾಗಲಿಲ್ಲ. ತಮ್ಮ ಚರ್ಚಿನಲ್ಲಿ ಇಲ್ಲವೆಂದರೆ ಮೂರು ಮೈಲಿ ಆಚೆ ಹೋಗುವವರು ಕಡಿಮೆ. ಅವರು ಆ ವಾರ ಮನೆಯಲ್ಲೇ ಇರುತ್ತಾರೆ.

ಹಾಗಾದರೆ ಗುಂಪು ಮಾಡಿದ್ದರಿಂದಲೇ ಜನ ಕಡಿಮೆಯಾದರೋ? ಇಲ್ಲಿ ಸಂಶೋಧನೆಯೂ ಒಂದು ಮಾತು ಹೇಳಿಲ್ಲ. ಸಭೆ ತಾನೇ ಮಾಡಿಸಿದ, 2014ರಲ್ಲಿ ಹೊರಬಂದ 'ಫ್ರಮ್ ಅನೆಕ್ಡೋಟ್ ಟು ಎವಿಡೆನ್ಸ್' ವರದಿ, ಒಬ್ಬ ಪಾದ್ರಿಯಡಿ ಹಲವು ಚರ್ಚುಗಳಿದ್ದಷ್ಟೂ ಇಳಿಮುಖದ ಸಾಧ್ಯತೆ ಹೆಚ್ಚು ಎಂದಿತು. ಆಮೇಲೆ ಸಂಖ್ಯಾಶಾಸ್ತ್ರಜ್ಞೆ ಫಿಯೋನಾ ಟ್ವೀಡಿ ಇನ್ನೊಂದು ವರದಿಯಲ್ಲಿ ಅಂಕಿಗಳನ್ನು ಮತ್ತೆ ಕೂಡಿ ಕಳೆದು, ಅಂಥ ನೇರ ಸಂಬಂಧ ಕಾಣುವುದಿಲ್ಲ ಎಂದು ತೋರಿಸಿದರು. ಜನ ಕಡಿಮೆಯಿದ್ದ ಊರುಗಳನ್ನೇ ಮೊದಲು ಗುಂಪು ಮಾಡುತ್ತಾರೆ. ಆದ್ದರಿಂದ ಯಾವುದು ಕಾರಣ, ಯಾವುದು ಪರಿಣಾಮ ಎಂದು ಬಿಡಿಸುವುದು ಸುಲಭವಲ್ಲ. ಈ ಎರಡನೆಯ ವರದಿಯನ್ನು ಓದಿದವರು ಕಡಿಮೆ, ಮೊದಲನೆಯದನ್ನು ಭಾಷಣಗಳಲ್ಲಿ ಉದ್ಧರಿಸುವವರು ಹೆಚ್ಚು.

2021 ಈ ಚರ್ಚೆ ಬೀದಿಗೆ ಬಂದ ವರ್ಷ. ಹತ್ತು ಸಾವಿರ ಹೊಸ ಸಭೆಗಳನ್ನು ಬಹುಮಟ್ಟಿಗೆ ಪಾದ್ರಿಗಳಿಲ್ಲದೆಯೇ ವಿಶ್ವಾಸಿಗಳ ಮುಂದಾಳತನದಲ್ಲಿ ಕಟ್ಟುವ ಯೋಜನೆಯ ಮಾತು ಬಂತು. ಸಂಬಳದ ಪಾದ್ರಿ, ಕಟ್ಟಡ, ದೀರ್ಘ ತರಬೇತಿ ಇವೆಲ್ಲ ಬೆಳವಣಿಗೆಗೆ ಅಡ್ಡಿ ಎಂಬರ್ಥದ ಮಾತೂ ಅದರ ಜತೆ ಬಂತು. ಊರೂರಿನ ಪಾದ್ರಿಗಳಿಗೆ ರೇಗಿತು. ಆಗಸ್ಟಿನಲ್ಲಿ ಲಂಡನ್ನಿನ ಸೇಂಟ್ ಬಾರ್ತಲೋಮ್ಯು ದಿ ಗ್ರೇಟ್ ಚರ್ಚಿನಲ್ಲಿ ಪ್ಯಾರಿಷ್ ಉಳಿಸಿ ಚಳವಳಿ ಹುಟ್ಟಿತು. ಮೇಲಿನ ಕಚೇರಿಗಳಲ್ಲಿ ಅಧಿಕಾರಿಗಳನ್ನು ಕಡಿಮೆ ಮಾಡಿ, ಊರಿಗೆ ಪಾದ್ರಿ ಕೊಡಿ ಎಂಬುದು ಅವರ ಬೇಡಿಕೆ. ಅದೇ ವರ್ಷದ ಅಕ್ಟೋಬರಿನಲ್ಲಿ ಲೆಸ್ಟರ್ ಧರ್ಮಪ್ರಾಂತ್ಯ ವಿರುದ್ಧ ದಿಕ್ಕಿಗೆ ಹೊರಟು, ತನ್ನ ಇನ್ನೂರಕ್ಕೂ ಹೆಚ್ಚು ಪ್ಯಾರಿಷ್‌ಗಳನ್ನು ಇಪ್ಪತ್ತು ಚಿಲ್ಲರೆ ದೊಡ್ಡ ಸಮುದಾಯಗಳಾಗಿ ಜೋಡಿಸಲು ಒಪ್ಪಿತು. ಪ್ರತಿ ಸಮುದಾಯಕ್ಕೂ ಪಾದ್ರಿಗಳೂ ವಿಶ್ವಾಸಿಗಳೂ ಕೂಡಿದ ತಂಡ, ಅದಕ್ಕೊಬ್ಬ ಮೇಲ್ವಿಚಾರಕ. ಕೇರಳದಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ದೇವಶಾಸ್ತ್ರ ಓದಿದ ಸಾಜು ಮುದಲಾಳಿ 2022ರಲ್ಲಿ ಲಫ್‌ಬರೊದ ಬಿಷಪ್ ಆಗಿ ಸೇರಿದ್ದು ಇದೇ ಪ್ರಾಂತ್ಯಕ್ಕೆ. ಚಳವಳಿಯವರ ಸಿಟ್ಟಿನಲ್ಲಿ ನ್ಯಾಯವಿದೆ, ಆದರೆ ಇಲ್ಲದ ಪಾದ್ರಿಗಳನ್ನು ಅವರೂ ತರಲಾರರು. ಲೆಸ್ಟರ್‌ನವರ ಲೆಕ್ಕ ಸರಿಯಿದೆ, ಆದರೆ ಊರಿನ ಮುದುಕಿ ಸತ್ತಾಗ ಮೇಲ್ವಿಚಾರಕ ಅಲ್ಲ, ಪರಿಚಯದವರೊಬ್ಬರು ಬಂದು ಮಣ್ಣು ಮಾಡಿಸಬೇಕು.

ದಕ್ಷಿಣ ಭಾರತದ ಕ್ರೈಸ್ತರಿಗೆ ಇದರಲ್ಲಿ ಅಚ್ಚರಿಯಿಲ್ಲ. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಸಭೆಗಳು ಕೂಡಿ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆದವು. ನಮ್ಮ ಕಡೆ ಒಬ್ಬ ಸಭಾಪಾಲಕರ ಕೆಳಗೆ ಹಲವು ಹಳ್ಳಿಯ ಸಭೆಗಳು ಮೊದಲಿನಿಂದಲೂ ಇವೆ. ಅವರು ಬರುವ ಭಾನುವಾರ ಪ್ರಭುಭೋಜನ; ಬಾರದ ಭಾನುವಾರ ಉಪದೇಶಿಗಳೋ ಹಿರಿಯರೋ ಆರಾಧನೆ ನಡೆಸುತ್ತಾರೆ, ಯಾರೂ ಅದನ್ನು ಕೊರತೆ ಎಂದುಕೊಳ್ಳುವುದಿಲ್ಲ. ಪಾಲಕರನ್ನು ಕಳಿಸುವವರು ಬಿಷಪರು, ಜಾಹೀರಾತಿನ ಮಾತೇ ಇಲ್ಲ. ವರ್ಗಾವಣೆಯ ರಾಜಕೀಯ, ಕೋರ್ಟು ಕಚೇರಿ ನಮ್ಮಲ್ಲೂ ಸಾಕಷ್ಟಿವೆ, ನಮ್ಮದೇ ಮಾದರಿ ಎಂದು ಹೇಳಿಕೊಳ್ಳುವ ಹಾಗಿಲ್ಲ. ಆದರೂ ಒಂದು ಮಾತು ಇಂಗ್ಲೆಂಡಿನ ಹಳ್ಳಿಗಳು ಕೇಳಿಸಿಕೊಳ್ಳಬಹುದು. ಪಾಲಕ ಇಲ್ಲದ ದಿನವೂ ಸಭೆ ಸಭೆಯೇ.

ಅಲ್ಲಿಯೂ ಇದರ ಅನುಭವ ಆಗುವ ಕಾಲವೊಂದಿದೆ, ಅದು ಹುದ್ದೆ ಖಾಲಿಯಿರುವ ತಿಂಗಳುಗಳು. ಆಗ ವಾರ್ಡನ್‌ಗಳೇ ಮೇಲುಸ್ತುವಾರಿ. ನಿವೃತ್ತ ಪಾದ್ರಿಗಳನ್ನು ಫೋನು ಮಾಡಿ ಕರೆಸುತ್ತಾರೆ. 1866ರಿಂದ ಇರುವ ರೀಡರ್ ಎಂಬ ಪ್ರಬೋಧಕರು ಪ್ರವಚನ ಮಾಡುತ್ತಾರೆ. ಸಂಬಳವಿಲ್ಲದೆ, ವಾಸಕ್ಕೆ ಮನೆಯೊಂದನ್ನೇ ಪಡೆದು ಭಾನುವಾರ ಮತ್ತು ವಾರದಲ್ಲಿ ಎರಡು ದಿನ ದುಡಿಯುವ ಪಾದ್ರಿಗಳೂ ಸಿಗುತ್ತಾರೆ. ಎಷ್ಟೋ ಕಡೆ ಈ ಅವಧಿಯಲ್ಲಿ ಸಭೆ ಕುಗ್ಗುವುದಿಲ್ಲ. ಹೊಸ ಪಾದ್ರಿ ಬಂದ ದಿನ ಬಿಷಪರ ಸಹಾಯಕರಾದ ಆರ್ಚ್‌ಡೀಕನ್ ಪಾದ್ರಿಯ ಕೈಯನ್ನು ಚರ್ಚಿನ ಬಾಗಿಲಿನ ಹಿಡಿಯ ಮೇಲಿಡಿಸುತ್ತಾರೆ. ಬಳಿಕ ಪಾದ್ರಿ ಗಂಟೆ ಬಾರಿಸುತ್ತಾರೆ. ಎಷ್ಟು ಸಲ ಬಾರಿಸಿದರೋ ಅಷ್ಟು ವರ್ಷ ಇರುತ್ತಾರೆಂದು ಊರವರು ನಗುತ್ತ ಎಣಿಸುತ್ತಾರೆ. ಮರುದಿನದಿಂದ ಖಾಲಿ ತಿಂಗಳುಗಳಲ್ಲಿ ಎಲ್ಲವನ್ನೂ ನಡೆಸಿದವರು ಉಸ್ಸೆಂದು ಹಿಂದೆ ಸರಿಯುತ್ತಾರೆ, ಹೊರೆಯೆಲ್ಲ ಬಂದವರ ತಲೆಗೆ. ಎಡವಟ್ಟು ಆಗುವುದು ಇಲ್ಲಿ.

ಪಾದ್ರಿಯ ಹುಡುಕಾಟ ಸೋಲುವುದು ಅರ್ಜಿ ಬಾರದ್ದರಿಂದ ಮಾತ್ರವಲ್ಲ, ಏಳು ಪ್ಯಾರಿಷ್‌ಗಳು ತಮ್ಮೊಳಗೆ ತೀರ್ಮಾನಿಸಬೇಕಾದ್ದನ್ನು ಬರುವವರ ಮೇಲೆ ಹೊರಿಸುವುದರಿಂದಲೂ. ಧೂಪವೋ ಗಿಟಾರೋ, ಎಂಟು ಗಂಟೆಯೋ ಹತ್ತೂವರೆಯೋ, ಮಹಿಳೆ ಬರಬಹುದೋ ಬಾರದೋ, ಮಾಡಿನ ದುರಸ್ತಿಗೆ ಯಾರು ಓಡಾಡಬೇಕು ಎಂಬುದು ಪಾದ್ರಿ ಬರುವ ಮುಂಚೆಯೇ ಬಗೆಹರಿಯಬೇಕು. ನೇಮಕಕ್ಕೆ ಮುಂಚಿನ ಹೇಳಿಕೆಯಲ್ಲಿ ಬರುವವರು ಏನೇನು ಮಾಡಬೇಕೆಂದು ಐದು ಪುಟ ಬರೆಯುವವರು, ಅವರು ಏನನ್ನು ಮಾಡಬೇಕಾಗಿಲ್ಲ ಎಂದು ಒಂದು ಪುಟವಾದರೂ ಬರೆಯಲಿ. ಯಾವ ಭಾನುವಾರ ಯಾವ ಚರ್ಚಿನಲ್ಲಿ ಪಾದ್ರಿ ಇರುವುದಿಲ್ಲ, ಆ ದಿನ ಆರಾಧನೆ ಯಾರ ಹೊಣೆ ಎಂದು ಏಳು ಸಮಿತಿಗಳೂ ಬರೆದು ಸಹಿ ಹಾಕುವವರೆಗೆ ಬಿಷಪರು ಆ ಜಾಹೀರಾತಿಗೆ ಒಪ್ಪಿಗೆ ಕೊಡಬಾರದು.